ಪ್ರೊವಾನ್ಸ್‌ನ ಹಳ್ಳಿದಾರಿಗಳಲ್ಲಿ ಸೈಕಲ್ ಸವಾರಿ: ಹೊರಡುವವರಿಗೊಂದು ಕೈಪಿಡಿ

"ಯುರೋಪಿಗೆ ಹೋದಾಗ ಗಾಡಿಗಳ ಕಾಟವಿಲ್ಲದ ರಸ್ತೆಯಲ್ಲಿ ನಾಲ್ಕೈದು ದಿನ ಸೈಕಲ್ ತುಳಿಯಬೇಕು. ದಾರಿಯಲ್ಲಿ ಹಳೇ ಊರುಗಳು ಸಿಗಬೇಕು. ಆಲ್ಪ್ಸ್ ಹತ್ತುವಷ್ಟು ಶಕ್ತಿ ಇಲ್ಲ. ಎಲ್ಲಿಗೆ ಹೋಗಲಿ?" ಬೆಂಗಳೂರಿನವರು, ಮೈಸೂರಿನವರು, ಜರ್ಮನಿ ನೆದರ್‌ಲ್ಯಾಂಡ್ಸ್‌ಗಳಲ್ಲಿ ಕೆಲಸಕ್ಕಿರುವ ನಮ್ಮವರು, ಎಲ್ಲರೂ ಸುತ್ತಿ ಬಳಸಿ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ಕಡೆ ಹೇಳಿಬಿಡುತ್ತೇನೆ.

ನನ್ನ ಉತ್ತರ ದಕ್ಷಿಣ ಫ್ರಾನ್ಸ್‌ನ ಲ್ಯೂಬೆರೋನ್. ಪ್ರೊವಾನ್ಸ್ ಪ್ರಾಂತ್ಯದಲ್ಲಿ, ಆವಿನ್ಯೋನ್ ನಗರಕ್ಕೆ ಪೂರ್ವದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಉದ್ದಕ್ಕೆ ಮಲಗಿರುವ ಸುಣ್ಣಕಲ್ಲಿನ ಬೆಟ್ಟಸಾಲು ಇದು. ಅದರ ಅತಿ ಎತ್ತರದ ಶಿಖರ ಮೂರ್ ನೆಗ್ರ್ 1,125 ಮೀಟರ್. ನಮ್ಮ ನಂದಿ ಬೆಟ್ಟಕ್ಕಿಂತ ಕಡಿಮೆಯೇ. ಬೆಟ್ಟದ ಉತ್ತರಕ್ಕೆ ಕಲವೋನ್ ನದಿಯ ಕಣಿವೆ, ದಕ್ಷಿಣಕ್ಕೆ ದ್ಯುರಾನ್ಸ್ ನದಿಯ ಬಯಲು. ನಡುವೆ ದ್ರಾಕ್ಷಿ, ಚೆರ್ರಿ, ಆಲಿವ್ ತೋಟಗಳು, ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ಊರುಗಳು. 1977ರಿಂದ ಈ ಪ್ರದೇಶ ಪ್ರಾದೇಶಿಕ ನಿಸರ್ಗ ಉದ್ಯಾನ. ಸೈಕಲ್‌ನವರಿಗೆಂದೇ ಫಲಕ ನೆಟ್ಟಿರುವ ದಾರಿಗಳಿವೆ.

ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿನ ಊರುಗಳು ಫ್ರಾನ್ಸ್‌ನಲ್ಲೇ ಹೆಸರುವಾಸಿ. ಬೇಸಿಗೆಯ ಮಧ್ಯಾಹ್ನ ಗೋರ್ದ್ ಊರಿನ ಬಾಗಿಲಲ್ಲಿ ಕಾರುಗಳ ಸಾಲು ನೋಡಿದರೆ "ಇದನ್ನೇ ಶಾಂತ ದಾರಿ ಅಂದಿರಾ?" ಎಂದು ನನ್ನನ್ನೇ ಬೈಯುತ್ತೀರಿ. ಶಾಂತಿ ಸಿಗುವುದು ಊರುಗಳ ನಡುವಿನ ಸಣ್ಣ ರಸ್ತೆಗಳಲ್ಲಿ, ಅದೂ ಬೆಳಗ್ಗೆ ಹತ್ತರೊಳಗೆ. ಯಾವ ರಸ್ತೆ, ಎಷ್ಟು ಹೊತ್ತಿಗೆ ಎಂಬುದನ್ನು ಸರಿಯಾಗಿ ಆರಿಸಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಕೆಳಗಿನ ಹಂತಗಳೆಲ್ಲ ಆ ಎರಡು ಪ್ರಶ್ನೆಗಳ ಸುತ್ತಲೇ ಇವೆ.

1. ತಿಂಗಳು ಗೊತ್ತುಮಾಡಿ

ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ, ಇಲ್ಲವೇ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಜುಲೈ, ಆಗಸ್ಟ್ ಬೇಡ. ಬಿಸಿಲು 35 ಡಿಗ್ರಿ ದಾಟುತ್ತದೆ, ಇಡೀ ಫ್ರಾನ್ಸ್ ರಜೆಯ ಮೇಲೆ ಇಲ್ಲಿಗೇ ಬಂದಿರುತ್ತದೆ, ಜೊತೆಗೆ ಕಾಡ್ಗಿಚ್ಚಿನ ಭಯ. ಬೇಸಿಗೆಯಲ್ಲಿ ಅಪಾಯ ಹೆಚ್ಚಿದ ದಿನ ಜಿಲ್ಲಾಡಳಿತ ಕಾಡಿನ ದಾರಿಗಳನ್ನು ಮುಚ್ಚುತ್ತದೆ. ಮರುದಿನ ಯಾವ ಕಾಡು ತೆರೆದಿದೆ, ಯಾವುದು ಇಲ್ಲ ಎಂಬುದನ್ನು ಹಿಂದಿನ ಸಂಜೆಯೇ ತಂಗಿರುವ ಕಡೆ ಕೇಳಿಟ್ಟುಕೊಳ್ಳಿ.

ಲ್ಯಾವೆಂಡರ್ ನೋಡಲೇಬೇಕೆಂದು ಹಟವಿದ್ದವರು ಜೂನ್ ಕೊನೆಯ ವಾರಕ್ಕೆ ಹೋಗಬಹುದು. ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ಇಲ್ಲಿ ಹೂವಿರುತ್ತದೆ. ಆ ದಿನಗಳಲ್ಲಿ ಬೆಳಕು ರಾತ್ರಿ ಒಂಬತ್ತು ದಾಟಿದರೂ ಇರುತ್ತದೆ. ಬೆಳಗ್ಗೆ ಏಳಕ್ಕೆ ಹೊರಟು ಹನ್ನೊಂದೂವರೆಗೆ ಮುಗಿಸಿ, ಮತ್ತೆ ಸಂಜೆ ಆರಕ್ಕೆ ಒಂದು ಸುತ್ತು ಹಾಕುವುದು ಜಾಣತನ.

ಮಿಸ್ತ್ರಾಲ್ ಎಂಬ ಗಾಳಿಯ ಬಗ್ಗೆ ಗೊತ್ತಿರಲಿ. ರೋನ್ ನದಿಯ ಕಣಿವೆಗುಂಟ ವಾಯವ್ಯದಿಂದ ನುಗ್ಗಿ ಬರುವ ಒಣ, ಚಳಿ ಗಾಳಿ ಇದು. ಚಳಿಗಾಲ ಮತ್ತು ವಸಂತದಲ್ಲಿ ಜಾಸ್ತಿ, ಆದರೆ ಯಾವ ತಿಂಗಳಲ್ಲೂ ಬೀಸಬಹುದು. ಮೋಸ ಏನೆಂದರೆ ಅದು ಬೀಸುವ ದಿನ ಆಕಾಶ ತಿಳಿನೀಲಿಯಾಗಿ, ಸೈಕಲ್ ಹತ್ತಲು ಹೇಳಿ ಮಾಡಿಸಿದ ದಿನದಂತೆ ಕಾಣುತ್ತದೆ. ಹವಾಮಾನದ ಆ್ಯಪ್‌ನಲ್ಲಿ ಮಳೆಯನ್ನಷ್ಟೇ ನೋಡಿ ಹೊರಡಬೇಡಿ, ಗಾಳಿಯ ವೇಗವನ್ನೂ ದಿಕ್ಕನ್ನೂ ನೋಡಿ.

2. ವೀಸಾ, ರೈಲು, ವಸತಿ

ಭಾರತದಿಂದ ಹೊರಡುವವರಿಗೆ ಷೆಂಗೆನ್ ವೀಸಾ ಬೇಕು. ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಾಗಿ ಸಲ್ಲುವ ಪರವಾನಗಿ ಇದು. 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದು. ಅರ್ಜಿಯನ್ನು ಬೆಂಗಳೂರಿನಲ್ಲೇ ಕೊಡಬಹುದು, ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ. ಬೇಸಿಗೆಗೆ ಹೋಗುವವರು ಏಪ್ರಿಲ್‌ವರೆಗೆ ಕಾಯುತ್ತ ಕೂತರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ವಿಮೆಯ ಷರತ್ತುಗಳಲ್ಲಿ ಸೈಕಲ್ ಸವಾರಿಯನ್ನು ಸಾಹಸ ಕ್ರೀಡೆ ಎಂದು ಹೊರಗಿಟ್ಟಿದ್ದಾರೆಯೇ ಎಂಬುದನ್ನು ಓದಿಯೇ ಹಣ ಕಟ್ಟಿ. ಬಹಳ ಜನ ಇದನ್ನು ಓದುವುದೇ ಇಲ್ಲ.

ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಿಂದ ಆವಿನ್ಯೋನ್‌ಗೆ ಟಿಜಿವಿ, ಅಂದರೆ ಅತಿವೇಗದ ರೈಲಿನಲ್ಲಿ, ಮೂರು ಗಂಟೆಯೊಳಗಿನ ಪ್ರಯಾಣ. ಆವಿನ್ಯೋನ್‌ನಲ್ಲಿ ಎರಡು ನಿಲ್ದಾಣಗಳಿವೆ. ಟಿಜಿವಿ ನಿಲ್ಲುವುದು ಊರಾಚೆ; ಅಲ್ಲಿಂದ ಹಳೇ ನಿಲ್ದಾಣಕ್ಕೆ ಐದಾರು ನಿಮಿಷದ ಸಣ್ಣ ರೈಲಿದೆ. ಹಳೇ ನಿಲ್ದಾಣದಿಂದ ಟಿಇಆರ್ ಎಂಬ ಪ್ಯಾಸೆಂಜರ್ ರೈಲು ಹಿಡಿದು ಕವಾಯೋನ್‌ನಲ್ಲಿ ಇಳಿಯಿರಿ. ನಮ್ಮ ಸವಾರಿ ಶುರುವಾಗುವುದು ಅಲ್ಲಿಂದ. ಮುಂದಿನ ದೊಡ್ಡ ಊರಾದ ಆಪ್ಟ್‌ಗೆ ಈಗ ರೈಲಿಲ್ಲ.

ಸ್ವಂತ ಸೈಕಲ್ ತರುವವರು ಚಕ್ರ ಬಿಚ್ಚಿ ಚೀಲಕ್ಕೆ ಹಾಕಿದರೆ ಟಿಜಿವಿಯಲ್ಲಿ ಸಾಮಾನಿನಂತೆ ಒಯ್ಯಬಹುದು. ಬಿಚ್ಚದೆ ಒಯ್ಯಲು ಕೆಲವು ರೈಲುಗಳಲ್ಲಿ ಮಾತ್ರ ಜಾಗವಿದೆ, ಅದನ್ನು ಮುಂಗಡ ಕಾದಿರಿಸಬೇಕು. ಮೊದಲ ಸಲ ಹೋಗುವವರು ಬಾಡಿಗೆ ಸೈಕಲ್ಲೇ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ.

ವಸತಿಗೆ "ಆಕಯ್ ವೆಲೋ" ಎಂಬ ಗುರುತಿನ ಫಲಕವಿರುವ ಮನೆ, ಹೋಟೆಲ್‌ಗಳನ್ನು ಹುಡುಕಿ. ಸೈಕಲ್ ದಾರಿಯಿಂದ 5 ಕಿ.ಮೀ. ಒಳಗಿದ್ದು, ಸೈಕಲ್ ಇಡಲು ಬೀಗವಿರುವ ಜಾಗ, ರಿಪೇರಿ ಸಾಮಾನು ಇಟ್ಟಿರುವವರಿಗೆ ಕೊಡುವ ರಾಷ್ಟ್ರೀಯ ಗುರುತು ಅದು. ಶಾಂಬ್ರ್ ದೋತ್ ಅಂದರೆ ಮನೆಯವರೇ ಕೋಣೆ ಕೊಟ್ಟು ಬೆಳಗಿನ ತಿಂಡಿ ಹಾಕುವ ವ್ಯವಸ್ಥೆ, ನಮ್ಮ ಕೊಡಗಿನ ಹೋಂಸ್ಟೇ ಇದ್ದಂತೆ. ಜೀತ್ ಅಂದರೆ ಅಡುಗೆಮನೆ ಸಮೇತ ಇಡೀ ಮನೆ. ಸಸ್ಯಾಹಾರಿಗಳಿಗೆ ಜೀತ್ ಅನುಕೂಲ. ಪ್ರತಿ ದಿನ ಊರು ಬದಲಿಸುವ ಬದಲು ಆಪ್ಟ್ ಅಥವಾ ಕುಸ್ತೆಲೆಯಂಥ ಕಣಿವೆಯ ಊರಿನಲ್ಲಿ ನೆಲೆ ಹೂಡಿ, ಸುತ್ತ ಓಡಾಡಿ ಸಂಜೆಗೆ ಅಲ್ಲಿಗೇ ಮರಳುವುದು ಮೊದಲ ಸಲಕ್ಕೆ ಒಳ್ಳೆಯದು. ಹೊರೆ ಹೊರುವ ಗೋಜಿಲ್ಲ.

3. ಸೈಕಲ್ ಪಡೆಯುವಾಗ ಬ್ರೇಕ್ ನೋಡಿ

ಅಂಗಡಿಗೆ ನಿಮ್ಮ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಮೊದಲೇ ತಿಳಿಸಿ. ಪೆಡಲ್, ಸೀಟು ನಿಮ್ಮದೇ ಒಯ್ದರೆ ಎರಡನೇ ದಿನ ಕೂರುವ ಕಷ್ಟ ತಪ್ಪುತ್ತದೆ. 28ರಿಂದ 32 ಮಿ.ಮೀ. ಅಗಲದ ಟೈರ್ ಕೇಳಿ. ಗೇರ್ ವಿಷಯದಲ್ಲಿ ಬಿಗುಮಾನ ಬೇಡ: ಹಿಂದಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿ 32 ಅಥವಾ 34 ಹಲ್ಲುಗಳಿರಲಿ. ಹಲ್ಲು ಹೆಚ್ಚಿದಷ್ಟೂ ಏರಿನಲ್ಲಿ ಕಾಲಿಗೆ ಹಗುರ.

ಜೋಡಿಯಲ್ಲಿ ಒಬ್ಬರಿಗೆ ಅಭ್ಯಾಸ ಕಡಿಮೆಯಿದ್ದರೆ ಅವರಿಗೆ ಇ-ಬೈಕ್ ಕೊಡಿಸಿ. ಬ್ಯಾಟರಿಯ ಮೋಟಾರು ತುಳಿತಕ್ಕೆ ನೆರವಾಗುವ ಸೈಕಲ್ ಅದು. ಕಾನೂನಿನ ಪ್ರಕಾರ ನೆರವು ಗಂಟೆಗೆ 25 ಕಿ.ಮೀ.ವರೆಗೆ ಮಾತ್ರ. ಇದನ್ನು ಕೀಳಾಗಿ ಕಾಣುವವರು ನಮ್ಮಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ಏರಿನ ಅರ್ಧದಲ್ಲಿ ಸಂಗಾತಿಯ ಸಿಟ್ಟು ಎದುರಿಸುವುದಕ್ಕಿಂತ ಬ್ಯಾಟರಿಯೇ ವಾಸಿ.

ಇನ್ನು ಎಚ್ಚರಿಕೆಯ ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಹಿಡಿ ಮುಂದಿನ ಚಕ್ರದ ಬ್ರೇಕ್. ಫ್ರಾನ್ಸ್‌ನಲ್ಲಿ ಅದು ತಿರುವುಮುರುವು: ಎಡಗೈ ಮುಂದಿನದು, ಬಲಗೈ ಹಿಂದಿನದು. ಒಂದು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಇನ್ನೊಂದರಲ್ಲಿ ಗಬಕ್ಕನೆ ಬ್ರೇಕ್ ಒತ್ತಿದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಎಡಗೈ ಜೋರಾಗಿ ಅದುಮಿದರೆ ಹಿಂದಿನ ಚಕ್ರ ಎದ್ದು ತಲೆಯ ಮೇಲೆ ಬರುತ್ತದೆ. ಅಂಗಡಿಯ ಮುಂದಿನ ಖಾಲಿ ಜಾಗದಲ್ಲಿ ಹತ್ತು ನಿಮಿಷ ನಿಲ್ಲಿಸಿ ಹೊರಡಿಸಿ ಕೈಗೆ ರೂಢಿ ಮಾಡಿಸಿ. ಎರಡೂ ಕೈಯಲ್ಲಿ ಒಟ್ಟಿಗೆ, ಮೆಲ್ಲಗೆ ಒತ್ತುವ ಅಭ್ಯಾಸವಾದರೆ ಅರ್ಧ ಅಪಾಯ ತಪ್ಪಿದಂತೆ.

ಎರಡು ಟ್ಯೂಬ್, ಪಂಪ್, ಟೈರ್ ಬಿಚ್ಚುವ ಟೈರ್ ಲಿವರ್ ಜೊತೆಗಿರಲಿ. ವಾಲ್ವ್ ತೆಳುವಾದ ಪ್ರೆಸ್ತಾ ಬಗೆಯದೋ, ಮೋಟಾರ್‌ಬೈಕಿನಂಥ ದಪ್ಪ ಶ್ರೇಡರ್ ಬಗೆಯದೋ ನೋಡಿ, ಪಂಪ್ ಅದಕ್ಕೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಹಳ್ಳಿಗಳಲ್ಲಿ ಪಂಕ್ಚರ್ ಅಂಗಡಿ ಇರುವುದಿಲ್ಲ.

4. ನಕ್ಷೆಯಲ್ಲಿ ಬಿಳಿ ಗೆರೆ ಹುಡುಕಿ

ಶಾಂತ ರಸ್ತೆ ಹುಡುಕುವ ಗುಟ್ಟು ಮಿಶೆಲಿನ್ ಕಂಪನಿಯ ಕಾಗದದ ನಕ್ಷೆಯಲ್ಲಿದೆ. ಅದರಲ್ಲಿ ಕೆಂಪು ಗೆರೆ ದೊಡ್ಡ ರಸ್ತೆ, ಹಳದಿ ಅದಕ್ಕಿಂತ ಚಿಕ್ಕದು, ಬಿಳಿ ತೀರಾ ಸಣ್ಣದು. ಪಕ್ಕದಲ್ಲಿ ಹಸಿರು ಅಂಚಿದ್ದರೆ ನೋಟ ಚೆನ್ನಾಗಿದೆ ಎಂದರ್ಥ. ಗೆರೆಯ ಮೇಲೆ ಪುಟ್ಟ ಬಾಣದ ತಲೆಗಳಿದ್ದರೆ ಏರು: ಒಂದಿದ್ದರೆ ಶೇ. 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಮೇಲೆ. ಶೇ. 5 ಏರು ಅಂದರೆ ನೂರು ಮೀಟರ್ ಮುಂದೆ ಹೋದರೆ ಐದು ಮೀಟರ್ ಮೇಲೆ ಹೋದಂತೆ. ಹಸಿರು ಅಂಚಿನ ಬಿಳಿ ಗೆರೆಗಳನ್ನು ಪೆನ್ಸಿಲ್‌ನಲ್ಲಿ ಒಂದಕ್ಕೊಂದು ಜೋಡಿಸುತ್ತ ಹೋಗಿ. ನಿಮ್ಮ ಮಾರ್ಗ ಸಿದ್ಧ.

ರಸ್ತೆಗಳಿಗೆ ಡಿ ಎಂಬ ಅಕ್ಷರ ಮತ್ತು ಸಂಖ್ಯೆಯಿರುತ್ತದೆ. ಡಿ ಅಂದರೆ ಜಿಲ್ಲಾ ರಸ್ತೆ. ಊರಿನ ಹೆಸರು ಬರೆಯುವುದು ಒಂದು ರೀತಿ, ಹೇಳುವುದು ಇನ್ನೊಂದು ರೀತಿಯಾದ್ದರಿಂದ ಸಂಖ್ಯೆ ಬರೆದಿಟ್ಟುಕೊಂಡು ಹೋದರೆ ದಾರಿ ತಪ್ಪುವುದಿಲ್ಲ. ಎಲ್ಲಾ ಡಿ ರಸ್ತೆಗಳೂ ಶಾಂತವಲ್ಲ ಎಂಬುದು ನೆನಪಿರಲಿ. ಕಣಿವೆಯ ಉದ್ದಕ್ಕೂ ಓಡುವ ಡಿ 900 ಲಾರಿಗಳ ರಸ್ತೆ. ಅದನ್ನು ಅಡ್ಡ ದಾಟಿ, ಅದರ ಮೇಲೆ ತುಳಿಯಬೇಡಿ.

ಫೋನಿನ ಆ್ಯಪ್ ಒಂದನ್ನೇ ನಂಬಿದವರು ಪದೇಪದೇ ಮೋಸಹೋಗುವುದು ಅಡ್ಡದಾರಿಗಳಲ್ಲಿ. ಎರಡು ಕಿಲೋಮೀಟರ್ ಉಳಿಸುತ್ತೇನೆಂದು ಆ್ಯಪ್ ತೋರಿಸಿದ ದಾರಿ ಕಾಡೊಳಗೆ ಹೊಕ್ಕು, ಮುಷ್ಟಿಗಾತ್ರದ ಕಲ್ಲುಗಳ ಜಾಡಾಗಿಬಿಡುತ್ತದೆ. ತೆಳು ಟೈರ್‌ಗೆ ಅಲ್ಲಿ ಉಳಿಗಾಲವಿಲ್ಲ. ಜಿಪಿಎಕ್ಸ್ ಫೈಲ್, ಅಂದರೆ ದಾರಿಯನ್ನು ಬಿಂದುಬಿಂದುವಾಗಿ ದಾಖಲಿಸಿದ ಕಡತ, ಇಳಿಸಿಕೊಂಡರೂ ಅದನ್ನು ಒಮ್ಮೆ ಕಾಗದದ ನಕ್ಷೆಯೊಂದಿಗೆ ಹೋಲಿಸಿ ನೋಡಿ.

5. ರಸ್ತೆಯ ನಿಯಮ

ಬಲಗಡೆ ಸವಾರಿ. ಗಾಡಿಗಳಿರುವ ರಸ್ತೆಯಲ್ಲಿ ಯಾರೂ ತಪ್ಪುವುದಿಲ್ಲ, ಮುಂದಿನ ಕಾರೇ ದಾರಿ ತೋರಿಸುತ್ತದೆ. ಎಡವುವುದು ಖಾಲಿ ರಸ್ತೆಯಲ್ಲಿ. ಬೇಕರಿಯ ಮುಂದೆ ನಿಲ್ಲಿಸಿ, ತಿಂದು, ಮತ್ತೆ ಸೈಕಲ್ ಹತ್ತಿದಾಗ ಕಾಲು ತಾನಾಗಿ ಎಡಕ್ಕೆ ಹೋಗುತ್ತದೆ. ಹ್ಯಾಂಡಲ್ ಮೇಲೆ ಬಲಗಡೆಗೊಂದು ಬಣ್ಣದ ಟೇಪ್ ಸುತ್ತಿ.

ಇನ್ನೊಂದು ನಿಯಮ ನಮ್ಮ ರೂಢಿಗೆ ಹೊಸದು. ಫಲಕವೇನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನೀವಿರುವ ರಸ್ತೆ ಅಗಲವಾಗಿದ್ದು, ಬಲಗಡೆಯ ಗಲ್ಲಿ ಎತ್ತಿನ ಗಾಡಿಯಷ್ಟೇ ಇದ್ದರೂ ಹಳೇ ಊರುಗಳಲ್ಲಿ ಅಲ್ಲಿಂದ ಕಾರು ನಿಲ್ಲದೇ ಬರುತ್ತದೆ, ತಪ್ಪು ಅವರದಲ್ಲ. ಹಳದಿ ವಜ್ರಾಕಾರದ ಫಲಕ ಕಂಡರೆ ನೀವಿರುವ ರಸ್ತೆಗೇ ಹಕ್ಕು. ಅದಕ್ಕೆ ಕಪ್ಪು ಗೆರೆ ಅಡ್ಡ ಹೊಡೆದಿದ್ದರೆ ಆ ಹಕ್ಕು ಮುಗಿಯಿತು. ವೃತ್ತಗಳನ್ನು ಬಲಕ್ಕೆ ತಿರುಗಿ ಹೊಕ್ಕು ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತಬೇಕು, ಒಳಗಿರುವವರು ಮೊದಲು. ಪ್ರವೇಶ ನಿಷೇಧದ ಕೆಂಪು ಫಲಕದ ಕೆಳಗೆ ಸೈಕಲ್ ಚಿತ್ರವಿರುವ ಪಟ್ಟಿ ಇದ್ದರೆ ಸೈಕಲ್‌ನವರಿಗೆ ನಿಷೇಧ ಇಲ್ಲ.

ಇಯರ್‌ಫೋನ್ ಹಾಕಿಕೊಂಡು ತುಳಿಯುವುದು 2015ರಿಂದ ಅಪರಾಧ, 135 ಯೂರೋ ದಂಡ. ಹನ್ನೆರಡು ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ, ದೊಡ್ಡವರಿಗೆ ಕಾನೂನಿನಲ್ಲಿ ಇಲ್ಲ, ಆದರೂ ಹಾಕಿ. ಊರಾಚೆ ಕತ್ತಲಲ್ಲಿ ಅಥವಾ ಮಂಜಿನಲ್ಲಿ ಹೊಳೆಯುವ ಜಾಕೆಟ್ ಕಡ್ಡಾಯ. ಕಾರುಗಳು ನಿಮ್ಮನ್ನು ದಾಟುವಾಗ ಊರೊಳಗೆ ಒಂದು ಮೀಟರ್, ಹೊರಗೆ ಒಂದೂವರೆ ಮೀಟರ್ ಅಂತರ ಬಿಡಬೇಕೆಂದು ಕಾನೂನಿದೆ. ಬಹುತೇಕರು ಪಾಲಿಸುತ್ತಾರೆ, ಹಿಂದೆ ಕಾಯುತ್ತಾರೆ, ಹಾರ್ನ್ ಹೊಡೆಯುವುದಿಲ್ಲ. ತುರ್ತಿಗೆ 112.

6. ನೀರು, ಊಟ

ಊರ ನಡುವಿನ ಕಲ್ಲಿನ ಕಾರಂಜಿಗಳಲ್ಲಿ ನೀರು ತುಂಬಿಕೊಳ್ಳಬಹುದು. "ಓ ಪೊತಾಬ್ಲ್" ಅಂದರೆ ಕುಡಿಯಬಹುದು. ನಡುವೆ "ನೋನ್" ಇದ್ದರೆ ಕೂಡದು. ಕಾರಂಜಿ ಸಿಗದಿದ್ದರೆ ಫ್ರೆಂಚ್ ಸೈಕಲ್‌ನವರು ಊರಾಚೆಯ ಸ್ಮಶಾನಕ್ಕೆ ಹೋಗುತ್ತಾರೆ. ಗೋರಿಗಳ ಮೇಲಿನ ಹೂಗಿಡಗಳಿಗೆ ನೀರುಣಿಸಲು ಅಲ್ಲಿ ನಲ್ಲಿ ಇರುತ್ತದೆ. ನಮ್ಮ ಮನಸ್ಸು ಒಪ್ಪುವುದು ಕಷ್ಟ, ಬಿಸಿಲು ಒಪ್ಪಿಸುತ್ತದೆ. ಅಲ್ಲೂ ಫಲಕ ನೋಡಿ.

ಹೋಟೆಲ್‌ಗಳ ಅಡುಗೆಮನೆ ಮಧ್ಯಾಹ್ನ ಹನ್ನೆರಡರಿಂದ ಎರಡು. ಎರಡೂಕಾಲಿಗೆ ಹೋದರೆ ಕಾಫಿ ಸಿಗುತ್ತದೆ, ಊಟ ಇಲ್ಲ. ಭಾನುವಾರ ಮಧ್ಯಾಹ್ನದ ನಂತರ, ಎಷ್ಟೋ ಕಡೆ ಸೋಮವಾರವೂ, ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ಬ್ರೆಡ್ಡು, ಹಣ್ಣು ಕೊಂಡಿಡಿ. ಆಪ್ಟ್‌ನ ಶನಿವಾರದ ಸಂತೆ ದೊಡ್ಡದು. ಸಕ್ಕರೆ ಪಾಕದಲ್ಲಿ ಇಡಿಯಾಗಿ ನೆನೆಸಿದ ಹಣ್ಣುಗಳಿಗೆ ಆಪ್ಟ್ ಹೆಸರುವಾಸಿ. ಅಂಥ ನಾಲ್ಕು ಚೂರು ಜೇಬಿನಲ್ಲಿದ್ದರೆ ಯಾವ ಎನರ್ಜಿ ಜೆಲ್ಲೂ ಬೇಡ. ಭಾನುವಾರ ಬೆಳಗ್ಗೆ ಕುಸ್ತೆಲೆಯಲ್ಲಿ ರೈತರ ಸಂತೆ, ಕವಾಯೋನ್ ಕಲ್ಲಂಗಡಿಯ ಸೋದರನಂಥ ಕರಬೂಜದ ಊರು.

ಸಸ್ಯಾಹಾರಿಗಳಿಗೆ ಮೂರು ಎಚ್ಚರ. ತಾಪೆನಾದ್ ಎಂಬ ಆಲಿವ್ ಚಟ್ನಿಗೆ ಸಾಮಾನ್ಯವಾಗಿ ಆಂಚೊವಿ ಮೀನು ಹಾಕಿರುತ್ತಾರೆ. ಫೂಗಾಸ್ ಎಂಬ ತೂತುತೂತಿನ ರೊಟ್ಟಿಯಲ್ಲಿ ಹಂದಿಮಾಂಸದ ಚೂರುಗಳಿರಬಹುದು. ಪಿಸ್ತೂ ಸೂಪ್ ತರಕಾರಿ, ಹುರುಳಿಕಾಯಿಯದೇ ಆದರೂ ಕೆಲವರು ಮಾಂಸದ ತುಂಡು ಹಾಕುತ್ತಾರೆ. ಕೇಳಿಯೇ ತಿನ್ನಿ. ಕೇಳುವ ಮೊದಲು "ಬೋಂಜೂರ್" ಎನ್ನುವುದನ್ನು ಮರೆಯಬೇಡಿ. ಅಂಗಡಿಗೆ ಹೊಕ್ಕವರು ನಮಸ್ಕಾರ ಹೇಳದೆ ನೇರ ಪ್ರಶ್ನೆ ಕೇಳಿದರೆ ಅಲ್ಲಿ ಅದು ಒರಟುತನ, ಉತ್ತರವೂ ಹಾಗೇ ಬರುತ್ತದೆ.

7. ಮೊದಲ ದಿನ ರೈಲುಹಳಿಯ ದಾರಿ

ಕವಾಯೋನ್‌ನಿಂದ ಆಪ್ಟ್‌ವರೆಗೆ ಹಿಂದೆ ರೈಲು ಓಡುತ್ತಿತ್ತು. ಹಳಿ ಕಿತ್ತ ಜಾಗದಲ್ಲಿ ಡಾಂಬರು ಹಾಕಿ, ಗಾಡಿಗಳಿಗೆ ಪ್ರವೇಶವಿಲ್ಲದ ಸೈಕಲ್ ದಾರಿ ಮಾಡಿದ್ದಾರೆ. ಕಲವೋನ್ ವೆಲೋರೂತ್ ಎಂದು ಹೆಸರು. ಯುರೋಪಿನ ಮೆಡಿಟರೇನಿಯನ್ ತೀರವನ್ನು ಜೋಡಿಸುವ ಯೂರೋವೆಲೋ 8 ಎಂಬ ಮಹಾಮಾರ್ಗದ ತುಂಡೂ ಹೌದು. ರೈಲಿಗಾಗಿ ಮಾಡಿದ ದಾರಿಯಾದ್ದರಿಂದ ಏರು ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ಬಲಗಡೆ ಸವಾರಿ, ಹೊಸ ಬ್ರೇಕ್, ಗೇರ್, ಎಲ್ಲಕ್ಕೂ ಇಲ್ಲೇ ಅಭ್ಯಾಸ ಮಾಡಿ. ಕವಾಯೋನ್‌ನಿಂದ ಆಪ್ಟ್ ಕಡೆಗೇ ಹೋಗಿ. ಮಿಸ್ತ್ರಾಲ್ ಬೀಸಿದರೆ ಬೆನ್ನಿಗಿರುತ್ತದೆ.

ದಾರಿಯಲ್ಲಿ ಪೋನ್ ಜೂಲಿಯೆನ್ ಸೇತುವೆ ಸಿಗುತ್ತದೆ. ಇಳಿಯದೆ ಮುಂದೆ ಹೋಗಬೇಡಿ. ಇಟಲಿಯನ್ನು ಸ್ಪೇನಿಗೆ ಜೋಡಿಸಿದ ವಿಯಾ ದೊಮಿತಿಯಾ ಎಂಬ ರೋಮನ್ ಹೆದ್ದಾರಿಗಾಗಿ ಕ್ರಿ.ಪೂ. 3ರಲ್ಲಿ ಕಟ್ಟಿದ್ದು, ಮೂರು ಕಮಾನಿನದು. ಪಕ್ಕದಲ್ಲಿ ಹೊಸ ಸೇತುವೆಯಾಗಿ 2005ರಲ್ಲಿ ಬಿಡುವು ಸಿಗುವವರೆಗೆ ಕಾರುಗಳು ಇದರ ಮೇಲೆಯೇ ಓಡಾಡಿದವು. ಕೆಳಗಿಳಿದು ಕಂಬಗಳನ್ನು ನೋಡಿ. ಕಮಾನುಗಳ ನಡುವಿನ ಕಂಬದ ಎದೆಯಲ್ಲೇ ಕಿಂಡಿಗಳಿವೆ. ಬೇಸಿಗೆಯಲ್ಲಿ ಕಾಲು ತೋಯದಷ್ಟು ಬತ್ತುವ ಕಲವೋನ್ ಮಳೆಗೆ ಒಮ್ಮೆಲೇ ಉಕ್ಕುತ್ತದೆ. ಆ ನೀರು ಕಂಬಕ್ಕೆ ಗುದ್ದದೆ ಕಿಂಡಿಯಲ್ಲಿ ಹಾದುಹೋಗಲೆಂದು ಬಿಟ್ಟ ಜಾಗ ಅದು. ಈಗ ಸೇತುವೆಯ ಬೆನ್ನಿನ ಮೇಲೆ ಓಡುವುದು ಸೈಕಲ್, ನಡೆಯುವುದು ಜನ.

8. ಗುಡ್ಡದ ಊರುಗಳ ಸುತ್ತು

ಇಲ್ಲಿನ ಊರುಗಳು ರಕ್ಷಣೆಗಾಗಿ ಗುಡ್ಡದ ತಲೆಯ ಮೇಲೆ ಕೂತವು. ಸೈಕಲ್‌ನವರ ಲೆಕ್ಕದಲ್ಲಿ ಒಂದು ಊರು ಅಂದರೆ ಒಂದು ಏರು. ಬೆಂಗಳೂರಿನಲ್ಲಿ 200, 300 ಕಿ.ಮೀ. ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ಮುಗಿಸಿದವರೂ ಕಿಲೋಮೀಟರ್ ನೋಡಿ "ಇಷ್ಟೇನಾ" ಅಂದುಕೊಂಡು ಹೊರಡುತ್ತಾರೆ. ಕಿಲೋಮೀಟರ್ ಎಣಿಸಬೇಡಿ, ಊರು ಎಣಿಸಿ. ದಿನಕ್ಕೆ ನಾಲ್ಕು ಸಾಕು.

ಕುಸ್ತೆಲೆಯಿಂದ ಹೊರಟು ಒಪೆದ್, ಮೆನೆರ್ಬ್, ಲಕೋಸ್ತ್, ಬೊನ್ಯೂ ಮುಟ್ಟಿ, ಪೋನ್ ಜೂಲಿಯೆನ್‌ಗೆ ಇಳಿದು, ರೈಲುಹಳಿಯ ದಾರಿಯಲ್ಲಿ ವಾಪಸ್. ಒಟ್ಟು ಸುಮಾರು 45ರಿಂದ 50 ಕಿ.ಮೀ. ಇದೊಂದೇ ದಿನ ಸಿಕ್ಕರೂ ಸಾಕು, ಲ್ಯೂಬೆರೋನ್ ನೋಡಿದಂತೆಯೇ.

ಒಪೆದ್‌ನಲ್ಲಿ ಎರಡು ಊರುಗಳಿವೆ: ಕೆಳಗೆ ಜನವಿರುವ ಊರು, ಮೇಲೆ ಅರ್ಧ ಪಾಳುಬಿದ್ದ ಹಳೇ ಊರು. ಮೇಲಿನದಕ್ಕೆ ಕೊನೆಯ ದಾರಿ ಕಲ್ಲುಹಾಸು, ಸೈಕಲ್ ಕೆಳಗೆ ಬೀಗ ಹಾಕಿ ನಡೆಯಿರಿ. ಕ್ಲೀಟ್, ಅಂದರೆ ಪೆಡಲ್‌ಗೆ ಕಚ್ಚಿಕೊಳ್ಳುವ ಲೋಹದ ಬಿಲ್ಲೆಯಿರುವ ಬೂಟು ಹಾಕಿದವರು ಅಲ್ಲಿ ಜಾರುವುದು ಖಂಡಿತ. ಮೆನೆರ್ಬ್ ಉದ್ದನೆಯ ಕಲ್ಲುದಿಣ್ಣೆಯ ಮೇಲಿದೆ. ಪಿಕಾಸೊನ ಒಡನಾಡಿಯಾಗಿದ್ದ ಕಲಾವಿದೆ ಡೋರಾ ಮಾರ್ ಅವರ ಮನೆ ಇಲ್ಲಿದೆ. ಲಕೋಸ್ತ್‌ನ ಮೇಲೆ ಹದಿನೆಂಟನೇ ಶತಮಾನದ ಕುಖ್ಯಾತ ಲೇಖಕ ಮಾರ್ಕಿ ದ ಸಾದ್‌ನ ಹಾಳು ಕೋಟೆ. ಊರೊಳಗಿನ ಗಲ್ಲಿಗಳು ಕಡಿದಾದ ಕಲ್ಲುಹಾಸಿನವು, ಸೈಕಲ್ ತಳ್ಳಿಕೊಂಡೇ ಹೋಗಬೇಕು. ಬೊನ್ಯೂ ಈ ಸುತ್ತಿನಲ್ಲಿ ಎತ್ತರದ್ದು. ಅಲ್ಲಿ ಸೈಕಲ್ ನಿಲ್ಲಿಸಿ 86 ಮೆಟ್ಟಿಲು ಹತ್ತಿದರೆ ಹಳೇ ಚರ್ಚು, ಎದುರಿಗೆ ಇಡೀ ಕಣಿವೆ, ದೂರದಲ್ಲಿ 1,900 ಮೀಟರ್ ದಾಟಿದ ವಾಂತೂ ಪರ್ವತದ ಬೋಳು ಬಿಳಿ ತಲೆ.

ಬೊನ್ಯೂವಿನಲ್ಲಿ ಕಾಲು ಇನ್ನೂ ಗಟ್ಟಿಯಿದ್ದರೆ ಮೇಲಿನ ದೇವದಾರು ಕಾಡಿಗೆ ಹೋಗಬಹುದು. ಉತ್ತರ ಆಫ್ರಿಕಾದ ಅಟ್ಲಾಸ್ ಪರ್ವತದ ಬೀಜ ತಂದು 1861ರಲ್ಲಿ ಬೆಳೆಸಿದ ಕಾಡು ಅದು. ಅಡ್ಡಗಂಬದಾಚೆ ಕಾರುಗಳಿಗೆ ಪ್ರವೇಶವಿಲ್ಲ. ಕಾಡ್ಗಿಚ್ಚಿನ ದಿನಗಳಲ್ಲಿ ಮೊದಲು ಮುಚ್ಚುವ ಜಾಗಗಳಲ್ಲಿ ಇದೂ ಒಂದು.

ಇಳಿಜಾರಿನ ಎಚ್ಚರ: ಬೊನ್ಯೂವಿನಿಂದ ಸೇತುವೆಗೆ 200 ಮೀಟರ್‌ಗೂ ಮಿಕ್ಕಿದ ಇಳಿತ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಹಿಡಿಯಬೇಡಿ.

9. ಕಾವಿಮಣ್ಣಿನ ಊರು, ಕಲ್ಲಿನ ಊರು

ಕಣಿವೆಯ ಇನ್ನೊಂದು ಬದಿಗೆ ರೂಸಿಯೋನ್ ಮತ್ತು ಗೋರ್ದ್. ಜಗತ್ತೆಲ್ಲ ಇಲ್ಲಿಗೇ ಬರುವುದರಿಂದ ಈ ದಿನ ಮಾತ್ರ ಬೆಳಕು ಹರಿಯುತ್ತಲೇ ಹೊರಡಿ. ಎಂಟರ ಹೊತ್ತಿಗೆ ರೂಸಿಯೋನ್‌ನಲ್ಲಿದ್ದರೆ ಊರು ನಿಮ್ಮದು. ಮನೆಗಳ ಗೋಡೆ, ದಿಬ್ಬ, ನೆಲ ಎಲ್ಲವೂ ಕಾವಿ: ಹಳದಿಯಿಂದ ರಕ್ತಗೆಂಪಿನವರೆಗೆ. ಹದಿನೆಂಟನೇ ಶತಮಾನದ ಕೊನೆಯಿಂದ ಬಣ್ಣಕ್ಕಾಗಿ ಇಲ್ಲಿ ಮಣ್ಣು ತೆಗೆಯುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡ ಸಾಹಿತಿ ಸ್ಯಾಮ್ಯುಯೆಲ್ ಬೆಕೆಟ್ ಅಡಗಿದ್ದದ್ದು ಈ ಊರಿನಲ್ಲೇ. ಕಾವಿ ದಿಬ್ಬಗಳ ನಡುವಿನ ಕಾಲುದಾರಿಗೆ ಟಿಕೆಟ್ ಇದೆ. ಆ ಮಣ್ಣು ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗದು, ಬಿಳಿ ಕಾಲುಚೀಲ ಹಾಕಬೇಡಿ.

ಅಲ್ಲಿಂದ ಜೂಕಾ ಎಂಬ ಸಣ್ಣ ಊರಿನ ಮೇಲೆ ಗೋರ್ದ್‌ಗೆ ಬನ್ನಿ. ನನ್ನ ಕೇಳಿದರೆ ಗೋರ್ದ್ ಅನ್ನು ದೂರದಿಂದ ನೋಡುವುದೇ ಚಂದ. ಒಳಗೆ ಜನ, ಬೆಲೆ ಎರಡೂ ಜಾಸ್ತಿ. 1148ರಲ್ಲಿ ಸ್ಥಾಪನೆಯಾದ ಸೆನಾಂಕ್ ಕ್ರೈಸ್ತ ಮಠ ಅದರಾಚೆಯ ಕಣಿವೆಯಲ್ಲಿದೆ. ಹೂಬಿಟ್ಟ ಲ್ಯಾವೆಂಡರ್ ಮುಂದೆ ನಿಂತ ಆ ಮಠದ ಚಿತ್ರವನ್ನು ನೀವು ಕ್ಯಾಲೆಂಡರ್‌ಗಳಲ್ಲಿ ನೋಡಿಯೇ ಇರುತ್ತೀರಿ. ಇಳಿಯುವ ರಸ್ತೆ ಕಿರಿದು. ಒಂಬತ್ತೂವರೆಯ ನಂತರ ಆ ಕಡೆ ಹೋಗಬೇಡಿ.

10. ಬೆಟ್ಟ ದಾಟಿ ದಕ್ಷಿಣಕ್ಕೆ

ಲ್ಯೂಬೆರೋನ್ ಬೆಟ್ಟವನ್ನು ನಡುವೆ ಸೀಳಿದ ಕಂದರವೊಂದಿದೆ, ಲೂರ್ಮರಾನ್ ಕೊಂಬ್. ಬೊನ್ಯೂವಿನಿಂದ ಡಿ 36 ಹಿಡಿದು, ಡಿ 943 ಸೇರಿ ಈ ಕಂದರದಲ್ಲಿ ಇಳಿದರೆ ಲೂರ್ಮರಾನ್. ಬೆಟ್ಟ ದಾಟಲು ಕಾರುಗಳಿಗೂ ಇದೇ ಸುಲಭದ ದಾರಿಯಾದ್ದರಿಂದ ಗಾಡಿಗಳಿರುತ್ತವೆ, ಬಂಡೆಗಳ ನಡುವೆ ತಿರುವುಗಳು ಕುರುಡು. ಹಿಂಬದಿಯ ಕೆಂಪು ದೀಪ ಹಗಲಲ್ಲೂ ಹಾಕಿ, ಒಬ್ಬರ ಹಿಂದೊಬ್ಬರು ಹೋಗಿ, ಬೆಳಗ್ಗೆ ಬೇಗ ಮುಗಿಸಿ.

ದಾಟಿದರೆ ಬೇರೆಯೇ ಲೋಕ. ಬೆಟ್ಟ ಗಾಳಿಗೆ ಅಡ್ಡ ನಿಲ್ಲುತ್ತದೆ, ಊರುಗಳು ತಗ್ಗಿನಲ್ಲಿವೆ, ಪ್ರವಾಸಿಗರೂ ಕಡಿಮೆ. ಲೂರ್ಮರಾನ್‌ನ ಸ್ಮಶಾನದಲ್ಲಿ ಸಾಹಿತಿ ಆಲ್ಬೇರ್ ಕಮೂ ಸಮಾಧಿ ಇದೆ. 1957ರ ನೊಬೆಲ್ ಹಣದಲ್ಲಿ ಈ ಊರಿನಲ್ಲಿ ಮನೆ ಕೊಂಡಿದ್ದ ಅವರು 1960ರ ಜನವರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಹುಡುಕಿಕೊಂಡು ಹೋದವರಿಗೆ ಸಿಗುವುದು ಗಿಡಗಂಟಿಯ ನಡುವೆ ಹೆಸರು ಕೆತ್ತಿದ ಒರಟು ಕಲ್ಲು, ಅಷ್ಟೇ.

ಅಲ್ಲಿಂದ ವೋಜಿನ್, ಕ್ಯುಕುರೋನ್, ಆನ್ಸುಯಿ ಸುತ್ತಿ ವಾಪಸ್ ಬಂದರೆ ಸುಮಾರು 25 ಕಿ.ಮೀ. ಮಕ್ಕಳಿದ್ದರೂ ಮಾಡಬಹುದು. ಕ್ಯುಕುರೋನ್‌ನಲ್ಲಿ ಊರ ಗೋಡೆಯಾಚೆ ಕಲ್ಲು ಕಟ್ಟಿದ ಆಯತಾಕಾರದ ಕಲ್ಯಾಣಿ, ಸುತ್ತ ಮುದಿ ಪ್ಲೇನ್ ಮರಗಳು, ನೆರಳಲ್ಲಿ ಕುರ್ಚಿ ಹಾಕಿದ ಹೋಟೆಲ್‌ಗಳು. ಮಧ್ಯಾಹ್ನದ ಬಿಸಿಲು ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

11. ವಾರವಿದ್ದರೆ ಪೂರ್ತಿ ಸುತ್ತು

ಬೆಟ್ಟವನ್ನು ಸುತ್ತುವ, ಫಲಕ ಹಾಕಿದ ಸುಮಾರು 240 ಕಿ.ಮೀ. ಸೈಕಲ್ ಮಾರ್ಗವಿದೆ: ಕವಾಯೋನ್, ಬೊನ್ಯೂ, ಆಪ್ಟ್, ಸೆರೆಸ್ತ್, ಫೋರ್ಕಾಲ್ಕಿಯೇ, ಮಾನೋಸ್ಕ್, ಕ್ಯುಕುರೋನ್, ಲೂರ್ಮರಾನ್, ಮತ್ತೆ ಕವಾಯೋನ್. ಐದಾರು ದಿನಕ್ಕೆ ಹಂಚಿಕೊಳ್ಳಿ. ಎರಡು ದಿಕ್ಕಿಗೂ ಬೇರೆ ಬೇರೆ ಬಣ್ಣದ ಫಲಕಗಳು, ಒಂದು ಬಿಳಿ, ಒಂದು ಕಾವಿ. ಹೊರಡುವಾಗಲೇ ನಿಮ್ಮ ಬಣ್ಣ ಯಾವುದೆಂದು ಖಚಿತ ಮಾಡಿಕೊಳ್ಳಿ. ಉತ್ತರದ ಬದಿಯಲ್ಲಿ ಪೂರ್ವಕ್ಕೆ, ದಕ್ಷಿಣದ ಬದಿಯಲ್ಲಿ ಪಶ್ಚಿಮಕ್ಕೆ, ಅಂದರೆ ಗಡಿಯಾರದ ದಿಕ್ಕಿಗೆ ಹೋಗಿ: ಗಾಳಿ ಹೋಗುವಾಗ ತಳ್ಳುತ್ತದೆ, ಬರುವಾಗ ಬೆಟ್ಟ ಒಂದಿಷ್ಟು ತಡೆಯುತ್ತದೆ. ಸೆರೆಸ್ತ್ ದಾಟಿದ ಮೇಲೆ ಊರುಗಳ ನಡುವಿನ ಅಂತರ ಹೆಚ್ಚು, ಅಂಗಡಿ ಕಡಿಮೆ. ಎರಡು ಬಾಟಲಿ ತುಂಬಿಸಿಕೊಂಡೇ ಹೊರಡಿ. ರಾತ್ರಿ ತಂಗಲು ಫೋರ್ಕಾಲ್ಕಿಯೇ ಒಳ್ಳೆಯದು. ಸೋಮವಾರ ಬೆಳಗ್ಗೆ ಅಲ್ಲಿ ಸಂತೆ, ಹತ್ತಿರದ ಬಾನೋನ್‌ನ ಆಡಿನ ಚೀಸ್ ಚೆಸ್ಟ್‌ನಟ್ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದ್ದು ಸಿಗುತ್ತದೆ.

ಕೊನೆಯ ದಿನ ಲೂರ್ಮರಾನ್‌ನಿಂದ ಮೆರಿಂದೋಲ್ ಮೇಲೆ ಕವಾಯೋನ್‌ಗೆ. 1545ರಲ್ಲಿ ವಾಲ್ಡೆನ್ಸಿಯನ್ ಎಂಬ, ಕ್ಯಾಥೊಲಿಕ್ ಚರ್ಚು ಒಪ್ಪದ ಕ್ರೈಸ್ತ ಪಂಥದವರ ಹತ್ಯಾಕಾಂಡ ನಡೆದ ಊರು ಮೆರಿಂದೋಲ್. ಸುಟ್ಟ ಹಳೇ ಊರಿನ ಗೋಡೆಗಳು ಗುಡ್ಡದ ಮೇಲೆ ಇನ್ನೂ ನಿಂತಿವೆ. ಈ ಪಶ್ಚಿಮದ ತುದಿಗೆ ಬರುವ ಹೊತ್ತಿಗೆ ಬೆಟ್ಟದ ಆಸರೆ ತಪ್ಪಿ ಮಿಸ್ತ್ರಾಲ್ ನೇರ ಎದೆಗೆ ಬಡಿಯುತ್ತದೆ. ಅಂಥ ದಿನ ಎರಡು ಗಂಟೆಯ ದಾರಿ ನಾಲ್ಕಾಗುವುದು ಮಾಮೂಲು. ಆದ್ದರಿಂದ ಪ್ಯಾರಿಸ್‌ಗೆ ಹೋಗುವ ಟಿಜಿವಿ ಟಿಕೆಟನ್ನು ಅದೇ ಸಂಜೆಗೆ ಮಾಡಿಸಬೇಡಿ, ಮರುದಿನಕ್ಕೆ ಮಾಡಿಸಿ.